ಗೌರಿ ಬಾಗಿನದ ಟೀವಿ

ನಂಜನಗೂಡು
೨೦-೯-೨೦೦೮

ಚಿರಂಜೀವಿ ರುದ್ರೇಶನಿಗೆ ನಿನ್ನ ದಾಕ್ಷಕ್ಕ ಮಾಡುವ ಆಶೀರ್ವಾದಗಳು. ನಾವಿಲ್ಲಿ ಚೆನ್ನಾಗಿದ್ದೇವೆ. ನೀನು, ರಮ್ಯ, ಮಗು ಸುಖವಾಗಿದ್ದೀರೆಂದು ನಂಬಿದ್ದೇನೆ.

ಗೌರಿ ಹಬ್ಬ ಕಳೆದು ಇಷ್ಟು ದಿನವಾದರೂ ಅಕ್ಕನಿಂದ ಒಂದು ಸಾಲೂ ಇಲ್ಲವೆಂದು ಮೂತಿ ಊದಿಸಿಕೊಂಡಿರುತ್ತೀಯ, ಗೊತ್ತು. ತಪ್ಪು ನನ್ನದೇ, ಹೊಟ್ಟೆಗೆ ಹಾಕಿಕೊ. ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ಊಟವಾಯಿತೇ, ಮಳೆ ಬಂತೇ ಎನ್ನುವುದರಾಚೆಗೆ ಫೋನಿನಲ್ಲಿ ಒಂದು ಮಾತೂ ಆಡಕೂಡದೆಂದು ನಿಮ್ಮ ಭಾವನ ಅಪ್ಪಣೆಯಾಗಿದೆ. ಏಕೆಂದು ಮುಂದೆ ಹೇಳುತ್ತೇನೆ. ಅಲ್ಲದೆ ಪತ್ರ ಬರೆಯುವುದು ಅವ್ವ ನಮ್ಮಿಬ್ಬರಿಗೂ ಹಚ್ಚಿ ಹೋದ ಚಟ. ಅದನ್ನು ಬಿಡುವುದಕ್ಕೆ ನನಗಂತೂ ಮನಸ್ಸಿಲ್ಲ.

ಮೊದಲು ನಿನ್ನ ಬಾಗಿನದ ಸುದ್ದಿ. ತವರಿನಿಂದ ಮೊರದಲ್ಲಿ ಬಾಗಿನ ಬರುವುದನ್ನು ನೋಡಿದ್ದೇನೆ. ಟೆಂಪೊದಲ್ಲಿ ಬಂದದ್ದು ಇದೇ ಮೊದಲು. ನರಸೀಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು ತಮ್ಮನಾದರೆ ಇಷ್ಟು ಗತ್ತು ಇರಬೇಕಾದ್ದೇ! ನಮ್ಮತ್ತೆ ಆ ತೆಳ್ಳಗಿನ ಪರದೆಯ ನೆತ್ತಿಗೆ ಅರಿಶಿನ ಕುಂಕುಮ ಹಚ್ಚಿ ಒಳಗೆ ಕರೆದುಕೊಂಡರು. ಒಂದೇ ಪರದೆ ಟೀವಿಯೂ ಆಗುತ್ತದೆ, ಕಂಪ್ಯೂಟರೂ ಆಗುತ್ತದೆ ಎಂದರೆ ಅವರಿಗೆ ನಂಬಿಕೆಯೇ ಇಲ್ಲ. ಧಾರಾವಾಹಿ ನೋಡುತ್ತ ಕುಳಿತಿದ್ದಾಗ ಇವರು ರಿಮೋಟು ಒತ್ತಿ ಅದನ್ನು ಕಂಪ್ಯೂಟರ್ ಮಾಡಿಕೊಂಡರೆ ಒಂದು ರಂಪ, ಕೆಲಸ ಮುಗಿಸಿ ಟೀವಿಗೆ ತಿರುಗಿಸಿಕೊಟ್ಟರೆ ಇನ್ನೊಂದು. "ನಾ ಎಲ್ಗಂಟ ನೋಡಿದ್ನೋ ಅಲ್ಲಿಂದ್ಲೇ ಆಕ್ಲಾ, ನಡ್ವೆ ಆಗಿದ್ದು ನಂಗೆ ಗೊತ್ತಾಗ್ಬೇಡ್ವಾ?" ಎನ್ನುತ್ತಾರೆ. ಬಿಂದುಶ್ರೀ ತನ್ನ ಸೋದರಮಾವನ ಮುಖ ನೋಡಿ ಮಾತಾಡಲಿ ಎಂದು ಮೇಲೆ ಒಂದು ಪುಟ್ಟ ಕ್ಯಾಮೆರಾ ಸಿಕ್ಕಿಸಿ ಹೋದೆಯಲ್ಲ, ಅದರ ಎದುರು ಕೂರುವಾಗ ಅತ್ತೆ ತಲೆಯ ಮೇಲೆ ಸೆರಗು ಹೊದ್ದುಕೊಳ್ಳುತ್ತಾರೆ. ನಗು ತಡೆಯುವುದೇ ಕಷ್ಟ.

ನಗು ಅಷ್ಟಕ್ಕೇ. ಇವರ ಬ್ರೌಸಿಂಗ್ ಸೆಂಟರಿಗೆ ಒಂದು ಆದೇಶ ಬಂದಿದೆ. ತಾಲ್ಲೂಕಿನ ಎಲ್ಲ ಸೆಂಟರುಗಳಿಗೂ ಬಂದಿದೆಯಂತೆ. ಪ್ರತಿ ಕಂಪ್ಯೂಟರಿಗೂ ಒಂದು ಪ್ರೋಗ್ರಾಮು ಹಾಕಬೇಕು, ಕೂತವರ ಮುಖಕ್ಕೆ ಕ್ಯಾಮೆರಾ ಇಡಬೇಕು. ಯಾರು ಏನು ನೋಡುತ್ತಾರೆ, ಏನು ಬರೆಯುತ್ತಾರೆ ಎಂಬುದು ಎಲ್ಲೋ ಕುಳಿತವರಿಗೆ ಕಾಣುತ್ತದೆ. ನಮ್ಮಲ್ಲಿಗೆ ಬರುವವರು ಯಾರು ಹೇಳು? ಪಿಯುಸಿ ರಿಸಲ್ಟ್ ನೋಡುವ ಹುಡುಗಿಯರು, ಗಲ್ಫಿನಲ್ಲಿರುವ ಗಂಡನ ಮುಖ ನೋಡಿ ಅಳುವ ಹೆಂಗಸರು. ಆ ಅಳುವನ್ನೂ ಅವರು ಕೂತು ನೋಡುತ್ತಾರೆಯೇ? ನಿಮ್ಮ ಭಾವ ಆದೇಶದ ಕಾಗದವನ್ನು ವಾಪಸು ಕೊಟ್ಟು, "ನನ್ನ ಅಂಗಡಿಗೆ ನಂಬಿಕೊಂಡು ಬಂದವ್ರ ಬೆನ್ನ ಹಿಂದೆ ನಾನು ನಿಂತ್ಕೊಳಲ್ಲ" ಎಂದು ಹೇಳಿ ಬಂದರು. ಆ ಮನುಷ್ಯ ಬೇರೆ ವಿಷಯದಲ್ಲಿ ಎಷ್ಟು ಮೆತ್ತಗೋ ಇದರಲ್ಲಿ ಅಷ್ಟೇ ಹಟಮಾರಿ. ಅಂದಿನಿಂದ ನಮ್ಮ ಫೋನನ್ನೂ ಕದ್ದು ಕೇಳುತ್ತಾರೆಂದು ಅವರಿಗೆ ಅನುಮಾನ.

ಬರುವ ಗುರುವಾರ ಮೆರವಣಿಗೆ. ನಿನ್ನ ಹತ್ತಿರ ಮುಚ್ಚಿಡುವುದೇನು? ಕೆಟ್ಟುಹೋದ ಹಳೆಯ ಮಾನಿಟರುಗಳನ್ನೆಲ್ಲ ಒಟ್ಟುಮಾಡಿ, ಅವುಗಳ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿ, ತಲೆಯ ಮೇಲೆ ಹೊತ್ತುಕೊಂಡು ದೇವಸ್ಥಾನದ ಬೀದಿಯಿಂದ ತಾಲ್ಲೂಕು ಕಚೇರಿಗೆ ನಡೆಯುವುದು. ಇದು ಇವರ ಗೆಳೆಯ ಶಿವಸ್ವಾಮಿಯ ಉಪಾಯ. ಅವನೂ ಒಂದು ಸೆಂಟರ್ ಇಟ್ಟಿದ್ದಾನೆ. ಮಾನಿಟರುಗಳು ಅವನ ಊರು ಹದಿನಾರಿನಲ್ಲಿ, ಗದ್ದೆಯ ಪಂಪ್‌ಸೆಟ್ ಮನೆಯಲ್ಲಿವೆ. ಪಟ್ಟಿ ಹೊಲಿದವಳು ನಾನೇ. ಗಟ್ಟಿ ಕಪ್ಪು ಬಟ್ಟೆ ಸಿಗಲಿಲ್ಲವೆಂದು ಅಪ್ಪನ ಹಳೆಯ ಕೊಡೆ ಬಿಚ್ಚಿದೆ, ಬೈಯಬೇಡ.

ನಿನಗೆ ಯಾವುದೋ ದೊಡ್ಡ ಸರ್ಕಾರಿ ಆರ್ಡರ್ ಸಿಕ್ಕಿತೆಂದು ರಮ್ಯ ಹೇಳಿದಳು. ಶ್ರೀಕಂಠೇಶ್ವರ ಒಳ್ಳೆಯದು ಮಾಡಲಿ.

ನಿನ್ನ ಪ್ರೀತಿಯ ಅಕ್ಕ,
ದಾಕ್ಷಾಯಿಣಿ

•

ನಂಜನಗೂಡು
೧೯-೧೦-೨೦೦೮

ಚಿರಂಜೀವಿ ರುದ್ರೇಶನಿಗೆ ಅಕ್ಕನ ಆಶೀರ್ವಾದಗಳು.

ದಸರಾ ಹಬ್ಬದ ಮಾರನೆಯ ವಾರ ನೀನು ಬಂದು ಹೋದೆ. ಮನೆ ತುಂಬ ಜನ, ಮನಸ್ಸು ಬಿಚ್ಚಿ ಮಾತಾಡಲಾಗಲಿಲ್ಲ. ಈಗ ಬರೆಯುತ್ತಿದ್ದೇನೆ. ಓದಿದ ಮೇಲೆ ಒಲೆಗೆ ಹಾಕಿಬಿಡು.

ಆ ಗುರುವಾರದ ಕಥೆ ಅರ್ಧ ನಿನಗೆ ಗೊತ್ತು. ಹಿಂದಿನ ದಿನವೇ ಹದಿನಾರಿಗೆ ಜೀಪು ಹೋಯಿತು. ಊರಲ್ಲಿ ಯಾರನ್ನೂ ಕೇಳದೆ ನೆಟ್ಟಗೆ ಪಂಪ್‌ಸೆಟ್ ಮನೆಗೇ ಹೋಗಿ, ಮಾನಿಟರುಗಳನ್ನೆಲ್ಲ ಹೇರಿಕೊಂಡು ಹೋದರು. ನಾವು ಬರಿಗೈಯಲ್ಲಿ ನಡೆದೆವು. ತಾಲ್ಲೂಕು ಕಚೇರಿಯ ಗೇಟಿನ ಹತ್ತಿರ ಒಬ್ಬ ನಿಂತಿದ್ದ. ಮಾಮೂಲಿ ಷರಟು, ಪ್ಯಾಂಟು, ಯಾವ ಇಲಾಖೆಯವನೋ. ಎಲ್ಲರೂ ಅವನನ್ನು ಸಾಹೇಬರು ಎನ್ನುತ್ತಿದ್ದರು. ಇವರನ್ನು ನೋಡಿ ನಕ್ಕು, "ಏನ್ರೀ ಸೋಮಶೇಖರ್, ಕಣ್ಣುಪಟ್ಟಿ ಎಲ್ಲಿ? ಮಾವನೋರ ಕೊಡೆ ಸುಮ್ನೆ ಹಾಳಾಯ್ತಲ್ರೀ" ಎಂದ.

ಅಪ್ಪನ ಕೊಡೆ ಬಿಚ್ಚಿದ್ದು ಮನೆಯ ಒಳಗೆ. ಆಗ ಅಲ್ಲಿದ್ದವರು ನಾನು, ಇವರು, ಅತ್ತೆ, ಬಿಂದು. ಇನ್ನು ನಿನ್ನ ಟೀವಿ.

ಅವತ್ತಿನಿಂದ ಮನೆಯಲ್ಲಿ ಆ ಟೀವಿಯೇ ಶತ್ರುವಾಯಿತು. ಇವರು ಕ್ಯಾಮೆರಾ ಕಿತ್ತು ಅಕ್ಕಿ ಡಬ್ಬದಲ್ಲಿಟ್ಟರು. ಪರದೆಗೆ ನನ್ನ ಕಂಬಳಿ ಹೊದಿಸಿದರು. ಮಾತಾಡಬೇಕೆಂದರೆ ಹಿತ್ತಲಿಗೆ ಹೋಗಿ, ನಲ್ಲಿ ಬಿಟ್ಟು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಪಿಸುಗುಟ್ಟುವುದು. ಬಿಂದು ಶಾಲೆಯಿಂದ ಬಂದವಳು ಚಪ್ಪಲಿ ಬಿಡುವಾಗಲೇ ಬಾಯಿಯ ಮೇಲೆ ಬೆರಳಿಡುತ್ತಾಳೆ. ಹದಿಮೂರು ತುಂಬದ ಹುಡುಗಿ ತನ್ನ ಮನೆಯಲ್ಲೇ ಹೀಗೆ ಮಾಡಬೇಕಾಗಿದೆ. ಎದುರು ಅಂಗಡಿಯ ಕಟ್ಟೆಯ ಮೇಲೆ ಯಾರೋ ಒಬ್ಬ ದಿನವೂ ಬೈಕು ನಿಲ್ಲಿಸಿಕೊಂಡು ಕೂರುತ್ತಾನೆ. ಟೀ ಕುಡಿಯುತ್ತಾನೆ, ನಮ್ಮ ಬಾಗಿಲು ನೋಡುತ್ತಾನೆ. ನಾನು ರಂಗೋಲಿ ಹಾಕುವಾಗ ಒಂದು ದಿನ "ಚೆನ್ನಾಗದೆ ಕಣಮ್ಮ" ಎಂದ. ಅಂದಿನಿಂದ ಬಿಂದು ಬಾಗಿಲಿಗೆ ಹೋಗುವುದಿಲ್ಲ.

ಆಯುಧಪೂಜೆ ಕಳೆದ ಮೇಲೆ ಇವರು ಮತ್ತು ಶಿವಸ್ವಾಮಿ ಸೇರಿ ಆ ಟೀವಿಯನ್ನು ಬಿಚ್ಚಲು ಕೂತರು. ಅತ್ತೆ ಅಡ್ಡ ಬಂದರು. "ತವರಿಂದ ಬಾಗ್ನವಾಗಿ ಬಂದದ್ದ ಬಿಚ್ಚಾಕ್ತಿಯಲ್ಲೋ, ಎಣ್ಮಗ್ಳ ಕಣ್ಣೀರು ಒಳ್ಳೇದಲ್ಲ ಕಣ್ಲಾ" ಎಂದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ, ಸುಳ್ಳು ಹೇಳುವುದಿಲ್ಲ. ಬಾಗಿನವನ್ನು ವಾಪಸು ಕೊಡುವಂತಿಲ್ಲ, ಮಾರುವಂತಿಲ್ಲ, ಹೀಗೆ ಸ್ಕ್ರೂ ಬಿಚ್ಚಿ ಹರಡುತ್ತಾರೆಂದು ಯಾರು ಕಂಡಿದ್ದರು? ಸಂಜೆಯವರೆಗೂ ಹುಡುಕಿದರು. ಕಂಪ್ಯೂಟರನ್ನೂ ಜಾಲಾಡಿದರು. ಕೊನೆಗೆ ಶಿವಸ್ವಾಮಿ ಕೈ ಕೊಡವಿಕೊಂಡು, "ಏನೂ ಇಲ್ಲ ಸೋಮಣ್ಣ. ಇದು ಪಾಪದ್ದು, ಬರೀ ಟೀವಿ" ಎಂದ. ನನಗೆ ನಿನ್ನ ಮರ್ಯಾದೆಯೇ ಉಳಿದಷ್ಟು ಸಂತೋಷವಾಯಿತು. ಇವರು ಮಾತ್ರ ಹಾಗಾದರೆ ಯಾರು ಎನ್ನುತ್ತ ಗೋಡೆ ನೋಡುತ್ತ ಕೂತರು.

ಒಂದು ಒಳ್ಳೆಯ ಸುದ್ದಿಯೂ ಇದೆ. ಶಿವಸ್ವಾಮಿ ಆ ಕಣ್ಣಿಡುವ ಪ್ರೋಗ್ರಾಮನ್ನು ಒಂದು ಸಿ.ಡಿ.ಗೆ ಇಳಿಸಿಕೊಂಡಿದ್ದಾನೆ. ಜನ ಟೈಪು ಮಾಡುವ ಗುಟ್ಟಿನ ಪಾಸ್‌ವರ್ಡುಗಳನ್ನೂ ಅದು ಕದ್ದಿಡುತ್ತದಂತೆ. ಆದೇಶದಲ್ಲಿ ಅದರ ಮಾತೇ ಇರಲಿಲ್ಲ. ಮೈಸೂರಿನ ವಕೀಲರಿಗೆ ತೋರಿಸಿ ಕೋರ್ಟಿಗೆ ಹೋಗುವುದೆಂದು ಯೋಚಿಸಿದ್ದಾರೆ.

ಇನ್ನು ನನ್ನ ಹೆದರಿಕೆ. ಇದನ್ನು ನಿನ್ನೊಬ್ಬನಿಗೇ ಬರೆಯುತ್ತಿದ್ದೇನೆ. ಇವರನ್ನು ಠಾಣೆಗೆ ಕರೆಯಬಹುದು ಎನ್ನುತ್ತಾರೆ. ಹೊಡೆತ ಬೈಗುಳಕ್ಕೆ ಇವರು ಅಂಜುವವರಲ್ಲ. ಆದರೆ ಬಾಗಿಲು ಹಾಕಿದ ಕೋಣೆ ಇವರಿಗೆ ಆಗುವುದಿಲ್ಲ ರುದ್ರೇಶ. ಚಿಕ್ಕಂದಿನಲ್ಲಿ ಆಟವಾಡುತ್ತ ಊರಿನ ಭತ್ತದ ಕಣಜದೊಳಗೆ ಸಿಕ್ಕಿಕೊಂಡಿದ್ದರಂತೆ. ಈಗಲೂ ಬಚ್ಚಲಿಗೆ ಅಗಳಿ ಹಾಕುವುದಿಲ್ಲ. ಬಾಗಿಲು ಮುಚ್ಚಿಕೊಂಡರೆ ಉಸಿರು ಸಿಕ್ಕುವುದಿಲ್ಲ, ಬೆವರಿಳಿಯುತ್ತದೆ, ಮಗುವಿನ ಹಾಗೆ ನನ್ನ ಕೈ ಹುಡುಕುತ್ತಾರೆ. ಅವರ ತಾಯಿಗೂ ಇದು ಇನ್ನೂ ಇದೆ ಎಂದು ತಿಳಿಯದು. ನಾನೂ ಬಾಯಿಬಿಟ್ಟು ಯಾರಿಗೂ ಹೇಳಿದವಳಲ್ಲ. ನಿನಗೆ ಸರ್ಕಾರದ ಕಡೆಯವರ ಪರಿಚಯ ಇದೆಯಲ್ಲ. ಹಾಗೇನಾದರೂ ಕರೆದರೆ ಹೊರಗಿನ ಬೆಂಚಿನ ಮೇಲೇ ಕೂರಿಸಿ ಕೇಳಲಿ ಎಂದು ಯಾರಿಗಾದರೂ ಒಂದು ಮಾತು ಹೇಳಿಸಲು ಆಗುತ್ತದೆಯೇ ನೋಡು.

ನಿನ್ನ ಅಕ್ಕ,
ದಾಕ್ಷಾಯಿಣಿ

•

ನಂಜನಗೂಡು
೧೭-೧೧-೨೦೦೮, ಕಾರ್ತಿಕ ಸೋಮವಾರ

ರುದ್ರೇಶ,

ಇದನ್ನು ಟಪಾಲಿಗೆ ಹಾಕುತ್ತಿಲ್ಲ. ನಾನೇ ಬಸ್ಸು ಹತ್ತಿ ಬಂದು ನಿನ್ನ ಕೈಗೆ ಕೊಡುತ್ತೇನೆ. ಅಂಗಡಿಯಲ್ಲಿ ಜನರಿರುತ್ತಾರೆ, ಮಾತಾಡಲಾಗದು. ಅದಕ್ಕೇ ಬರೆದು ತಂದಿದ್ದೇನೆ.

ಹೋದ ವಾರ ಇವರನ್ನು ಕರೆದುಕೊಂಡು ಹೋದರು. ಕಲ್ಲಯ್ಯ ಎಂಬ ಪೇದೆ ಬಂದಿದ್ದ, ನಮ್ಮ ಸೆಂಟರಿನಲ್ಲೇ ಮಗಳ ಸಿಇಟಿ ಅರ್ಜಿ ತುಂಬಿಸಿಕೊಂಡವನು. ತಲೆ ತಗ್ಗಿಸಿಕೊಂಡು, "ಒಂಚೂರು ಬಂದೋಗಿ ಸಾ, ಸಾಯೇಬ್ರು ಏನೋ ಕೇಳ್ಬೇಕಂತೆ" ಎಂದ. ಬೆಳಿಗ್ಗೆ ಹೋದವರು ದೀಪ ಹಚ್ಚುವ ಹೊತ್ತಿಗೆ ಬಂದರು. ಮೈಮೇಲೆ ಒಂದು ಗೀರೂ ಇಲ್ಲ. ಯಾರೂ ಮುಟ್ಟಲಿಲ್ಲವಂತೆ, ಗದರಲೂ ಇಲ್ಲವಂತೆ.

ಆ ಸಾಹೇಬ ಇವರನ್ನು ಕಿಟಕಿಯಿಲ್ಲದ ಒಂದು ಕೋಣೆಗೆ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿದನಂತೆ. "ನಿಮ್ಗೆ ಬಾಗ್ಲು ಹಾಕಿದ್ರೆ ಆಗಲ್ವಂತಲ್ಲ? ಸಿ.ಡಿ. ಎಲ್ಲಿದೆ ಅಂತ ಹೇಳ್ಬೇಕು ಅನ್ಸಿದಾಗ ತಟ್ಟಿ, ತೆಗೀತೀವಿ" ಎಂದು ಹೇಳಿ ಹೊರಗಿನಿಂದ ಅಗಳಿ ಹಾಕಿಕೊಂಡನಂತೆ. ಇವರು ಬಾಗಿಲು ತಟ್ಟಲಿಲ್ಲ. ಮಧ್ಯಾಹ್ನ ಕಲ್ಲಯ್ಯನೇ ತೆಗೆದು ನೀರು ಚಿಮುಕಿಸಿ ಎಬ್ಬಿಸಿದನಂತೆ. ಮನೆಗೆ ಬಂದಾಗ ಕೈಬೆರಳುಗಳ ಉಗುರು ನೋಡಿದೆ. ಅದನ್ನು ನಿನಗೆ ಬರೆಯಲಾರೆ.

ಯಾರು ಹೇಳಿದರು ಎಂದು ಇವರು ಕೇಳುತ್ತಿದ್ದಾರೆ. ನಿನಗೆ ಬರೆದಿದ್ದೆನೆಂದು ಒಪ್ಪಿಕೊಂಡೆ. ನಮ್ಮ ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರು ಮೊದಲ ಸಲ ನನ್ನ ಎದುರಿನಿಂದ ಎದ್ದು ಹೋದರು. ಆಮೇಲೆ ಬಂದು ನಿನ್ನ ಹೆಸರು ಹೇಳಿದರು. ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಟಪಾಲಿನಲ್ಲೇ ಯಾರೋ ಪತ್ರ ಒಡೆದು ಓದಿರಬೇಕು ಎಂದೆ. ಹಾಗೇ ಆಗಿರಬೇಕು, ಅಲ್ಲವೇ?

ಸಿ.ಡಿ. ಭದ್ರವಾಗಿದೆಯೇ ಎಂದು ನೀನು ರಮ್ಯನ ಕೈಲಿ ಫೋನು ಮಾಡಿಸಿ ಕೇಳಿಸಿದ್ದೆ. ಭದ್ರವಾಗಿದೆ. ನಮ್ಮೂರು ಹೆಡತಲೆಯಲ್ಲಿ ಅವ್ವನ ಟ್ರಂಕಿನಲ್ಲಿ, ಅವಳ ಧಾರೆ ಸೀರೆಯ ಮಡಿಕೆಯಲ್ಲಿದೆ. ನಾನೇ ಹೋಗಿ ಇಟ್ಟು ಬಂದೆ. ಆ ಟ್ರಂಕು ಇರುವ ಮನೆಯ ಯಜಮಾನಿ ನಮ್ಮ ಚಿಕ್ಕವ್ವ ಪುಟ್ಟಬಸಮ್ಮನಿಗೂ ಹೇಳಿಲ್ಲ. ಇವರಿಗೂ ಜಾಗ ಹೇಳಿಲ್ಲ, ಮತ್ತೆ ಕರೆದರೆ ಗೊತ್ತಿಲ್ಲವೆಂದು ನಿಜವನ್ನೇ ಹೇಳಲಿ ಎಂದು. ಗೌರಿ ಹಬ್ಬದ ದಿನ ಬಿಟ್ಟು ಯಾರೂ ತೆಗೆಯದ ಟ್ರಂಕು ಅದು. ಅದಕ್ಕಿಂತ ಭದ್ರವಾದ ಜಾಗ ನಮ್ಮಿಬ್ಬರಿಗೆ ಬೇರೆ ಯಾವುದಿದೆ?

ಇದು ನಿನಗೆ ಮತ್ತು ನನಗೆ ಮಾತ್ರ ಗೊತ್ತು. ಅವ್ವನಾಣೆ.

ದಾಕ್ಷಕ್ಕ

•

ನಂಜನಗೂಡು
೧೪-೧೨-೨೦೦೮

ಚಿರಂಜೀವಿ ರುದ್ರೇಶನಿಗೆ ಅಕ್ಕನ ಆಶೀರ್ವಾದಗಳು.

ಬರೆಯುವುದು ತಡವಾಯಿತು, ಕ್ಷಮಿಸು. ಪೆನ್ನು ಹಿಡಿದು ಕೂರುತ್ತಿದ್ದೆ, ಎದ್ದು ಹೋಗುತ್ತಿದ್ದೆ. ಮನೆಗೆಲಸವೂ ಒಂದು ನೆಪವಾಗುತ್ತಿತ್ತು.

ಇವರು ಮನೆಯಲ್ಲೇ ಇದ್ದಾರೆ. ಸೆಂಟರಿಗೆ ತಾಲ್ಲೂಕು ಕಚೇರಿಯವರು ಬೀಗ ಹಾಕಿಸಿದ್ದಾರೆ. ಮುಂಬೈ ದಾಳಿಯಲ್ಲಿ ಅಷ್ಟು ಜನ ಸತ್ತ ಮೇಲೆ ನಮ್ಮ ಮಾತು ಕೇಳುವವರು ಊರಿನಲ್ಲಿ ಕಮ್ಮಿಯಾದರು. "ತಪ್ಪು ಮಾಡ್ದೆ ಇರೋರ್ಗೆ ಯಾಕ್ರೀ ಭಯ?" ಎಂದು ಪಕ್ಕದ ಮನೆಯವರೇ ಕೇಳುತ್ತಾರೆ. ನಮ್ಮ ಮನೆಯಲ್ಲಿ ಈಗ ಯಾವ ಬಾಗಿಲನ್ನೂ ಮುಚ್ಚುವುದಿಲ್ಲ. ಚಳಿಗಾಳಿ ಬಂದರೂ ಬೀದಿಬಾಗಿಲು ತೆರೆದೇ ಇರುತ್ತದೆ. ಎದುರುಗಡೆ ಬೈಕಿನವನು ಆರಾಮವಾಗಿ ಒಳಗೆಲ್ಲ ನೋಡಬಹುದು.

ಬಿಚ್ಚಿದ ಟೀವಿಯನ್ನು ಶಿವಸ್ವಾಮಿ ಮತ್ತೆ ಜೋಡಿಸಿಕೊಟ್ಟ. ನಾನೇ ಕಂಬಳಿ ತೆಗೆದೆ. ಅತ್ತೆ ಧಾರಾವಾಹಿ ನೋಡುತ್ತಾರೆ, ಇವರು ರಿಮೋಟು ಒತ್ತಿ ಕಂಪ್ಯೂಟರ್ ಮಾಡಿಕೊಂಡು ಕೋರ್ಟಿನ ಅರ್ಜಿ ಟೈಪು ಮಾಡುತ್ತಾರೆ, ಎಲ್ಲ ಮೊದಲಿನ ಹಾಗೆ. ಪಾಪ, ಸುಮ್ಮನೆ ಅದರ ಮೇಲೆ ಅನುಮಾನಪಟ್ಟೆವು. ಮೊನ್ನೆ ಧೂಳು ಒರೆಸುವಾಗ ನೆತ್ತಿಯ ಮೇಲಿನ ಅರಿಶಿನದ ಕಲೆ ಕಂಡಿತು. ಅದನ್ನು ಒರೆಸಲಿಲ್ಲ.

ಹೆಡತಲೆಯ ಸುದ್ದಿ ನಿನಗೆ ಮುಟ್ಟಿರಬೇಕು. ನಾನು ನಿನ್ನ ಅಂಗಡಿಗೆ ಬಂದು ಹೋದ ವಾರದಲ್ಲೇ ಚಿಕ್ಕವ್ವನ ಮನೆಗೆ ಜೀಪು ಬಂತು. ಅವಳು ಅವರೆಕಾಯಿ ಸುಲಿಯುತ್ತ ಜಗುಲಿಯ ಮೇಲೆ ಕೂತಿದ್ದಳಂತೆ. "ಯಾರಪ್ಪ, ಬನ್ನಿ, ನೀರು ಕುಡೀರಿ" ಎಂದು ಎದ್ದಳಂತೆ. ಅವರು ದಾಟಿಕೊಂಡು ಒಳಗೆ ಹೋದರು. ಬೇರೆ ಯಾವುದನ್ನೂ ಮುಟ್ಟಲಿಲ್ಲ, ಬೀರು ತೆಗೆಯಲಿಲ್ಲ, ಅಟ್ಟ ಹತ್ತಲಿಲ್ಲ. ನಡುಮನೆಯ ಮೂಲೆಗೆ ಹೋಗಿ ಅವ್ವನ ಟ್ರಂಕಿನ ಬೀಗ ಒಡೆದರು. ಧಾರೆ ಸೀರೆಯನ್ನು ಕೊಡವಿದರು. ಅವಳ ಕಾಲುಂಗುರ, ವಿಭೂತಿ ಗಟ್ಟಿ, ನಿನ್ನ ಮೊದಲ ಕ್ಷೌರದ ಕೂದಲಿನ ಗಂಟು, ಎಲ್ಲ ನೆಲದ ಮೇಲೆ. ಗೌರಿ ಹಬ್ಬದಲ್ಲಿ ನನ್ನ ಬಾಗಿನಕ್ಕೆ ಕುಂಕುಮ ತೆಗೆಯುವ ಆ ಪಿಂಗಾಣಿ ಭರಣಿ ಒಡೆಯಿತು. ಬೂಟಿನ ಹೆಜ್ಜೆಗಳೆಲ್ಲ ಕೆಂಪಾಗಿ ಬಾಗಿಲವರೆಗೂ ಇದ್ದವಂತೆ. ಚಿಕ್ಕವ್ವ ಬೆಳಗಿನ ತನಕ ಹಾಗೇ ಬಿಟ್ಟಿದ್ದಳು, ಗುಡಿಸಲು ಅವಳಿಗೆ ಮನಸ್ಸು ಬರಲಿಲ್ಲ. ನನಗೆ ಫೋನು ಮಾಡಿ ಒಂದೇ ಮಾತು ಕೇಳಿದಳು. "ಸತ್ತೋಳ ಪೆಟ್ಗೇಲಿ ಏನ್ ಉಡುಕಿದ್ರವ್ವ?"

ಬಿಂದು ನಿನ್ನನ್ನು ಕೇಳುತ್ತಿರುತ್ತಾಳೆ. ಮಗುವಿಗೆ ಚಳಿ ತಾಗದಂತೆ ನೋಡಿಕೊಳ್ಳಲು ರಮ್ಯನಿಗೆ ಹೇಳು. ನಿನಗೆ ಆಯಸ್ಸು, ಆರೋಗ್ಯ, ಅನ್ನಕ್ಕೆ ಕೊರತೆಯಿಲ್ಲದ ಬಾಳು ಇರಲಿ. ಇದನ್ನು ಬಾಯಿಮಾತಿಗೆ ಬರೆಯುತ್ತಿಲ್ಲ. ಅವ್ವ ಇದ್ದಿದ್ದರೆ ಏನು ಹರಸುತ್ತಿದ್ದಳೋ ಅದನ್ನೇ ಹರಸುತ್ತಿದ್ದೇನೆ.

ನಿನ್ನ ಅಕ್ಕ,
ದಾಕ್ಷಾಯಿಣಿ

ಮರೆತ ಮಾತು: ಆ ಸಿ.ಡಿ. ಅವ್ವನ ಟ್ರಂಕಿನಲ್ಲಿ ಎಂದೂ ಇರಲಿಲ್ಲ. ಅದು ಆಗಲೇ ಮೈಸೂರಿನ ವಕೀಲರ ಕೈ ಸೇರಿತ್ತು. ನಾನು ಹೆಡತಲೆಗೆ ಹೋಗಿಯೂ ಇರಲಿಲ್ಲ. ಆ ಟ್ರಂಕಿನ ಮಾತನ್ನು ಲೋಕದಲ್ಲಿ ಒಬ್ಬನಿಗೇ ಬರೆದೆ, ಟಪಾಲಿಗೂ ಹಾಕದೆ ಅವನ ಕೈಯಲ್ಲೇ ಇಟ್ಟೆ.

ರಮ್ಯ ಅಳುತ್ತ ಎಲ್ಲ ಹೇಳಿದಳು. ನಿನ್ನ ಸರ್ಕಾರಿ ಆರ್ಡರು ನರಸೀಪುರದ ಸೆಂಟರುಗಳಿಗೆ ಅದೇ ಪ್ರೋಗ್ರಾಮು ಹಾಕುವ ಕೆಲಸವಂತೆ. ಅಕ್ಕನ ಮನೆಯ ಸುದ್ದಿ ತಂದುಕೊಡದಿದ್ದರೆ ಆರ್ಡರು ಕಿತ್ತುಕೊಳ್ಳುತ್ತೇವೆ ಎಂದರಂತೆ. ನೀನು ಹೆದರಿದೆ. ಹೆದರುವುದು ನನಗೂ ಗೊತ್ತು.

ಆದರೆ ನಿನ್ನನ್ನು ಹಿಡಿಯಲು ನಾನು ಆ ಸುಳ್ಳು ಬರೆಯಲಿಲ್ಲ ರುದ್ರೇಶ. ಇವರು ನಿನ್ನ ಹೆಸರು ಹೇಳಿದಾಗ, ನನ್ನ ತಮ್ಮನಲ್ಲ, ಬೇಕಾದರೆ ತೋರಿಸುತ್ತೇನೆ ಎಂದು ಹಟ ಮಾಡಿದವಳು ನಾನು. ಯಾವ ಜಾಗದ ಹೆಸರು ಬರೆದರೆ ನೀನು ಪ್ರಾಣ ಹೋದರೂ ಬಾಯಿ ಬಿಡಲಾರೆಯೋ ಎಂದು ಯೋಚಿಸಿ ಯೋಚಿಸಿ ಆ ಜಾಗ ಆರಿಸಿದೆ. ಅವರು ಹೆಡತಲೆಗೆ ಹೋಗುವುದಿಲ್ಲ, ಆಗ ಇವರ ಮುಂದೆ ತಲೆಯೆತ್ತಿ ನಿಲ್ಲುತ್ತೇನೆ ಎಂದುಕೊಂಡಿದ್ದೆ.

ಮುಂದಿನ ಗೌರಿ ಹಬ್ಬಕ್ಕೆ ಬಾಗಿನ ಕಳಿಸಬೇಡ. ಈ ಕಾಗದವನ್ನೂ ಅವರಿಗೆ ತೋರಿಸಬೇಕಾದರೆ ತೋರಿಸು, ನನಗೆ ಬೇಸರವಿಲ್ಲ. ಓದಿ ಆದ ಮೇಲೆ ಕೇಳಿ ವಾಪಸು ಇಸಿದುಕೊ. ನಿನ್ನ ಅಕ್ಕನ ಕೈಬರಹ ಇನ್ನು ನಿನಗೆ ಸಿಕ್ಕುವುದಿಲ್ಲ.